ಕುಂಚ ಮತ್ತು ಕತ್ತರಿ

ತುಂಗಭದ್ರಾ ನದಿಯ ದಂಡೆಯ ಮೇಲಿರುವ ಹರಿಹರಕ್ಕೆ ಹೋದವರು ಅಲ್ಲಿನ ಹರಿಹರೇಶ್ವರ ದೇವಾಲಯವನ್ನು ನೋಡದೆ ಹಿಂದಿರುಗುವುದು ವಿರಳ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು 1224ರಲ್ಲಿ ಈ ದೇವಾಲಯವನ್ನು ಕಟ್ಟಿಸಿದನು. ಗರ್ಭಗುಡಿಯಲ್ಲಿ ನಿಂತಿರುವ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನೆಂಬ ದೈತ್ಯನು ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ತನಗೆ ಸಾವು ಬಾರದಂತೆ ವರ ಪಡೆದಿದ್ದನೆಂದೂ, ಅವನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬಂದರೆಂದೂ ಸ್ಥಳಪುರಾಣ ಹೇಳುತ್ತದೆ. ಒಂದಾದ ಮೇಲೂ ಹರನು ಹರನಾಗಿಯೇ ಉಳಿದಿದ್ದಾನೆ, ಹರಿಯು ಹರಿಯಾಗಿಯೇ ಉಳಿದಿದ್ದಾನೆ. ಕೂಡುವುದೆಂದರೆ ಕರಗಿಹೋಗುವುದಲ್ಲ ಎಂಬುದನ್ನು ಆ ಮೂರ್ತಿ ಮೌನವಾಗಿ ಹೇಳುವಂತಿದೆ.

ಮೂರ್ತಿಯನ್ನು ನೋಡಿ ಹೊರಬಂದವರು ಆವರಣದಲ್ಲಿರುವ ಶಿಲಾಶಾಸನಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಹಳೆಗನ್ನಡದ ಆ ಬರಹ ನಮಗೆ ಓದಲು ಬಾರದಿರಬಹುದು. ಆದರೆ ನೋಡಲು ಬರುತ್ತದೆ. ಹೊಯ್ಸಳರ ಕಾಲದ ಅಕ್ಷರಗಳು ದುಂಡಗೆ, ತುಂಬಿಕೊಂಡು, ಸಾಲು ಸಾಲಾಗಿ ಕುಳಿತಿರುವ ಅಂದವನ್ನು ಯಾರಾದರೂ ಮೆಚ್ಚಬೇಕು. ಇಂತಹ ಶಾಸನಗಳನ್ನು ಒಬ್ಬನು ರಚಿಸುತ್ತಿದ್ದನು. ಒಬ್ಬನು ಕಲ್ಲಿನ ಮೇಲೆ ಬರೆಯುತ್ತಿದ್ದನು. ಆ ಬರಹದ ಜಾಡಿನಲ್ಲಿ ರೂವಾರಿ ಉಳಿಯನ್ನು ನಡೆಸುತ್ತಿದ್ದನು. ಕಲ್ಲಿನಲ್ಲಿ ಇಂದು ನಾವು ಕಾಣುವ ಅಕ್ಷರದ ಹಿಂದೆ ಬರೆದ ಕೈಯೊಂದಿದೆ ಎಂಬುದನ್ನು ಮರೆಯಬಾರದು.

ಅಂದವಾಗಿ ಬರೆಯುವುದು ಒಂದು ಕಲೆ. ಬೇರೆ ಬೇರೆಯದನ್ನು ಕೂಡಿಸುವುದು ಇನ್ನೊಂದು ಕಲೆ. ಮೊದಲನೆಯದನ್ನು ಅಕ್ಷರಕಲೆ ಅಥವಾ ಕ್ಯಾಲಿಗ್ರಫಿ ಎನ್ನುತ್ತಾರೆ. ಕಾಗದ, ಬಟ್ಟೆ, ದಾರ, ಎಲೆ ಮುಂತಾದವುಗಳ ತುಣುಕುಗಳನ್ನು ಒಂದು ಹಲಗೆಯ ಮೇಲೆ ಅಂಟಿಸಿ ಚಿತ್ರ ರಚಿಸುವುದಕ್ಕೆ ಕೊಲಾಜ್ ಅಥವಾ ಅಂಟುಚಿತ್ರವೆಂದು ಹೆಸರು. ಈ ಎರಡು ಕಲೆಗಳು ಒಂದೇ ಹಲಗೆಯ ಮೇಲೆ ಕೂಡಿದಾಗ ಏನಾಗುತ್ತದೆ? ಹೇಗೆ ಕೂಡಿದರೆ ಚೆನ್ನ? ಕೂಡಿಸುವ ಭರದಲ್ಲಿ ಮಾಡಬಾರದ್ದು ಯಾವುದು? ಇವುಗಳಿಗೆ ಉತ್ತರವನ್ನು ನಾನು ಪುಸ್ತಕಗಳಿಗಿಂತ ಮೊದಲು ನನ್ನ ಊರಾದ ದಾವಣಗೆರೆಯ ಒಂದು ಬೀದಿಯಲ್ಲಿ ಕಲಿತೆನು.

ಹರಿಹರದಿಂದ ಸುಮಾರು 14 ಕಿಲೋಮೀಟರು ದೂರದಲ್ಲಿರುವ ದಾವಣಗೆರೆ ಆಗ ಬಟ್ಟೆಯ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಅದನ್ನು ಕರೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಅಂಗಡಿಗಳಿಗೆ ನಾಮಫಲಕ ಬರೆಯುವ ಅಜ್ಜನೊಬ್ಬನಿದ್ದನು. ಶಾಲೆ ಬಿಟ್ಟ ಕೂಡಲೇ ನಾನು ಅವನ ಜಗಲಿಗೆ ಓಡುತ್ತಿದ್ದೆನು. ಅಜ್ಜ ಮೊದಲು ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ತಗಡಿನ ಮೇಲೆ ಬಿಗಿಯಾಗಿ ಹಿಡಿದು ಒಮ್ಮೆ ಮೀಟುತ್ತಿದ್ದನು. ನೆಟ್ಟನೆಯ ಬಿಳಿಯ ಗೆರೆಯೊಂದು ಅಲ್ಲಿ ಮೂಡುತ್ತಿತ್ತು. ಆಮೇಲೆ ಎಡಗೈಯಲ್ಲಿ ಒಂದು ಕೋಲನ್ನು ಹಿಡಿದು, ಅದರ ಮೇಲೆ ಬಲಗೈಯನ್ನು ಊರಿ, ಚಪ್ಪಟೆಯಾದ ಕುಂಚವನ್ನು ಬಣ್ಣದಲ್ಲಿ ಅದ್ದುತ್ತಿದ್ದನು. ಚಪ್ಪಟೆ ಕುಂಚದ ಗುಣವೇ ವಿಶೇಷ. ಅದನ್ನು ಅಗಲವಾದ ಕಡೆಯಿಂದ ಎಳೆದರೆ ದಪ್ಪ ಗೆರೆ, ಅಂಚಿನ ಗುಂಟ ಎಳೆದರೆ ಕೂದಲೆಳೆಯಂತಹ ಗೆರೆ. ಕುಂಚದ ಓರೆಯನ್ನು ಬದಲಿಸದೆ ದುಂಡಗೆ ತಿರುಗಿಸಿದರೆ ಒಂದೇ ಸುತ್ತಿನಲ್ಲಿ ತೆಳುವು ದಪ್ಪವಾಗಿ, ದಪ್ಪವು ಮತ್ತೆ ತೆಳುವಾಗುತ್ತದೆ. ಕನ್ನಡದ ಅಕ್ಷರಗಳಲ್ಲಿ ಸುತ್ತುಗಳು ಹೆಚ್ಚು. ಆದ್ದರಿಂದ ಈ ಏರಿಳಿತಕ್ಕೆ ಅಲ್ಲಿ ಅವಕಾಶವೂ ಹೆಚ್ಚು. ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರ ಇವುಗಳಿಗೆ ಮೇಲೆ ಕೆಳಗೆ ಎಷ್ಟೆಷ್ಟು ಜಾಗ ಬೇಕೆಂಬುದನ್ನು ಅಜ್ಜ ಬರೆಯುವ ಮೊದಲೇ ಕಣ್ಣಳತೆಯಿಂದ ಹೇಳುತ್ತಿದ್ದನು.

“ತಮ್ಮಾ, ಅಕ್ಷರ ಬರೆಯೋದು ಅಂದ್ರೆ ಬಣ್ಣ ಹಚ್ಚೋದಲ್ಲ, ಬಯಲು ಬಿಡೋದು” ಎಂದು ಅವನು ಆಗಾಗ ಹೇಳುತ್ತಿದ್ದನು. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ. ‘ಠ’ ಎಂಬ ಅಕ್ಷರದ ಒಳಗಿನ ಖಾಲಿ ಜಾಗ ಕೆಟ್ಟರೆ ಹೊರಗಿನ ಸುತ್ತೂ ಕೆಡುತ್ತದೆ ಎಂಬುದು ಕೈಯಲ್ಲಿ ಕುಂಚ ಹಿಡಿದ ಮೇಲೆಯೇ ತಿಳಿಯಿತು.

ಅಂಟುಚಿತ್ರದ ಮೊದಲ ಪಾಠವೂ ಅದೇ ಬೀದಿಯಲ್ಲಿಯೇ ನಡೆಯಿತು. ಜಗಲಿಯ ಎದುರಿಗೆ ಒಂದು ಉದ್ದನೆಯ ಗೋಡೆಯಿತ್ತು. ಸಿನಿಮಾದ ಭಿತ್ತಿಪತ್ರಗಳು, ದಾವಣಗೆರೆಯವರೇ ಆದ ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯ ಪ್ರಕಟಣೆಗಳು, ಚುನಾವಣೆಯ ಕರಪತ್ರಗಳು ಒಂದರ ಮೇಲೊಂದು ಅದರ ಮೇಲೆ ಬೀಳುತ್ತಿದ್ದವು. ಮಳೆಗಾಲದಲ್ಲಿ ಮೇಲಿನ ಪದರಗಳು ಕಿತ್ತುಬಂದು ಕೆಳಗಿನವು ಇಣುಕುತ್ತಿದ್ದವು. ರಾಜನ ಕಿರೀಟದ ಕೆಳಗೆ ಅಭ್ಯರ್ಥಿಯ ಹೆಸರು, ಅದರ ಪಕ್ಕದಲ್ಲಿ ಅರ್ಧ ‘ಇಂದೇ’, ಕಾಲು ‘ನೋಡಿರಿ’. ಯಾರೂ ಬರೆಯದ ಚಿತ್ರವೊಂದು ಪ್ರತಿ ವಾರವೂ ಅಲ್ಲಿ ಹೊಸದಾಗಿ ಹುಟ್ಟುತ್ತಿತ್ತು.

ಗೋಡೆಯ ಮೇಲೆ ತಾನಾಗಿ ನಡೆಯುತ್ತಿದ್ದ ಈ ಕೆಲಸವನ್ನು ಕಲಾವಿದರು ಬೇಕೆಂದೇ ಮಾಡತೊಡಗಿದ್ದು 1912ರಲ್ಲಿ. ಆ ವರ್ಷ ಫ್ರಾನ್ಸಿನಲ್ಲಿ ಪಿಕಾಸೋ ಮತ್ತು ಬ್ರಾಕ್ ಎಂಬ ಗೆಳೆಯರು ಮುದ್ರಿತ ಕಾಗದ ಮೊದಲಾದವುಗಳ ತುಂಡುಗಳನ್ನು ತಮ್ಮ ಚಿತ್ರಗಳಿಗೆ ಅಂಟಿಸಿದರು. ಅಂಟಿಸು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದಲೇ ಕೊಲಾಜ್ ಎಂಬ ಹೆಸರು ಬಂದಿದೆ. ವೃತ್ತಪತ್ರಿಕೆಯ ತುಂಡಿನೊಡನೆ ಅದರ ಅಕ್ಷರಗಳೂ ಚಿತ್ರದೊಳಕ್ಕೆ ಬಂದವು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಜರ್ಮನಿಯ ಕರ್ಟ್ ಶ್ವಿಟರ್ಸ್ ಎಂಬಾತನು ಬೀದಿಯಲ್ಲಿ ಬಿದ್ದ ಟಿಕೆಟ್ಟು, ಕಾಗದ, ಮರದ ಚೂರುಗಳಿಂದ ಚಿತ್ರಗಳನ್ನು ಕಟ್ಟತೊಡಗಿದನು. ಎಲ್ಲವೂ ಒಡೆದುಹೋಗಿರುವಾಗ ಚೂರುಗಳಿಂದಲೇ ಹೊಸದನ್ನು ಕಟ್ಟಬೇಕೆಂಬುದು ಅವನ ನಿಲುವಾಗಿತ್ತು. ಬ್ಯಾಂಕೊಂದರ ಜಾಹೀರಾತನ್ನು ಕತ್ತರಿಸಿದಾಗ ಉಳಿದ ‘ಮೆರ್ಜ್’ ಎಂಬ ಅರ್ಥವಿಲ್ಲದ ಪದಭಾಗವನ್ನೇ ತನ್ನ ಕಲೆಗೆ ಹೆಸರಾಗಿ ಇಟ್ಟುಕೊಂಡನು.

ಇದೆಲ್ಲವೂ ಪರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಹಳೆಯ ಸೀರೆ, ಪಂಚೆಗಳ ತುಂಡುಗಳನ್ನು ಜೋಡಿಸಿ ನಮ್ಮ ಹೆಂಗಸರು ಹೊಲಿಯುವ ಕೌದಿ ಬಟ್ಟೆಯ ಅಂಟುಚಿತ್ರವಲ್ಲದೆ ಮತ್ತೇನು? ಮೈಸೂರು ಶೈಲಿಯ ಚಿತ್ರಗಳಲ್ಲಿ ಆಭರಣಗಳನ್ನು ಉಬ್ಬಾಗಿ ಮಾಡಿ ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ಬಣ್ಣವೂ ಲೋಹವೂ ಅಲ್ಲಿ ಒಂದಾಗಿವೆ. ಬರವಣಿಗೆಗೂ ನಮ್ಮ ಪೂರ್ವಿಕರು ಇಂತಹ ಕೂಡಿಕೆಯನ್ನು ಬಳಸಿದ್ದರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದೇ ಕಡತ. ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಇಂದಿಗೂ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟನ್ನು ಕಡತವೆಂದು ಕರೆಯುವಾಗ ನಾವು ಆ ಬಟ್ಟೆಯ ಪುಸ್ತಕವನ್ನು ನಮಗೆ ತಿಳಿಯದೆಯೇ ನೆನೆಯುತ್ತೇವೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಚಿತ್ರಕಲಾ ಪ್ರದರ್ಶನವೊಂದು ನಡೆಯಿತು. ಅಜ್ಜನಿಂದ ಕಲಿತ ಕುಂಚದ ಬರಹವನ್ನೂ ಗೋಡೆಯಿಂದ ಕಲಿತ ಅಂಟುಚಿತ್ರವನ್ನೂ ಕೂಡಿಸಿ ಎಲ್ಲರೂ ಬೆರಗಾಗುವಂತಹ ಚಿತ್ರವನ್ನು ಮಾಡಬೇಕೆಂದು ನಾನು ಹಟತೊಟ್ಟೆನು. ಬಣ್ಣದ ಕಾಗದ ಬೇಕಾದಷ್ಟಿತ್ತು. ಹಳೆಯ ಕಾಗದ ಬೇಕಾಗಿತ್ತು. ಮನೆಯ ಅಟ್ಟದ ಮೇಲೆ ನನ್ನ ತಾತನ ಕಿರ್ದಿ ಪುಸ್ತಕ ಸಿಕ್ಕಿತು. ತಾತ ಹತ್ತಿಯ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದನು. ಕೆಂಪು ಬಟ್ಟೆಯ ರಟ್ಟು, ಕಂದಿದ ಹಾಳೆಗಳು, ಟಾಕಿನ ಲೇಖನಿಯಿಂದ ಬರೆದ ಓರೆ ಅಕ್ಷರಗಳು. ಅವುಗಳಲ್ಲಿ ಎಲ್ಲಕ್ಕಿಂತ ಅಂದವಾಗಿದ್ದ ಪುಟವನ್ನು ಆರಿಸಿ, ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ರಟ್ಟಿಗೆ ಮೆತ್ತಿದೆನು. ಅದರ ಮೇಲೆ ಕಪ್ಪು ಶಾಯಿಯಲ್ಲಿ ದಪ್ಪ ಕುಂಚದಿಂದ ‘ಹತ್ತಿ’ ಎಂದು ಬರೆದೆನು. ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತು.

ಚಿತ್ರವನ್ನು ಮನೆಗೆ ತಂದು ಅಜ್ಜಿಯ ಮುಂದೆ ಹಿಡಿದೆನು. ಅಜ್ಜಿಗೆ ಓದು ಬರಹ ಬಾರದು. ಅವಳು ಬಹಳ ಹೊತ್ತು ನೋಡಿದಳು. ಬಳಿಕ ಮೂಲೆಯಲ್ಲಿ ಉಳಿದಿದ್ದ ಅರ್ಧ ‘ಶ್ರೀ’ಕಾರದ ಮೇಲೆ ಹೆಬ್ಬೆರಳನ್ನು ಇಟ್ಟು, “ಇದು ನಿಮ್ಮಪ್ಪ ಹುಟ್ಟಿದ ಹಾಳಿ ಅಲ್ಲೇನಪ್ಪಾ?” ಎಂದು ಕೇಳಿದಳು. ಲೆಕ್ಕದ ಪುಸ್ತಕದ ಆ ಒಂದು ಪುಟದಲ್ಲಿ ತಾತ ಮಗನು ಹುಟ್ಟಿದ ದಿನವನ್ನೂ ಗಳಿಗೆಯನ್ನೂ ದೊಡ್ಡ ‘ಶ್ರೀ’ಕಾರ ಹಾಕಿ ಬರೆದಿಟ್ಟಿದ್ದನು. ಆ ಪುಟ ಅಷ್ಟು ಅಂದವಾಗಿದ್ದುದೇಕೆಂದು ಆಗ ನನಗೆ ತಿಳಿಯಿತು. “ಓದಾಕೆ ನನಗೆ ಬರಲ್ಲ. ಆದ್ರೆ ಅವರ ಕೈ ನನಗೆ ಗುರುತು ಐತಿ” ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು. ನನ್ನನ್ನು ಬೈಯಲಿಲ್ಲ.

ಆ ರಾತ್ರಿ ನಾನು ಒದ್ದೆ ಬಟ್ಟೆಯಿಂದ ಅಂಟನ್ನು ನೆನೆಸಿ ಕಾಗದವನ್ನು ಬಿಡಿಸಲು ಯತ್ನಿಸಿದೆನು. ತಾತನ ಶಾಯಿ ಕದಡಿಹೋಯಿತು. ನನ್ನ ಕಪ್ಪು ಶಾಯಿ ಮಾತ್ರ ಕದಲಲಿಲ್ಲ. ಬೆಳಿಗ್ಗೆ ಚಿತ್ರವನ್ನು ಎತ್ತಿಕೊಂಡು ಬೋರ್ಡಿನ ಅಜ್ಜನ ಜಗಲಿಗೆ ಹೋಗಿ ನಡೆದುದನ್ನೆಲ್ಲ ಹೇಳಿದೆನು. ಅವನು ಕುಂಚ ಕೆಳಗಿಟ್ಟು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಹರಿದದ್ದನ್ನ ಕೂಡ್ಸು ತಮ್ಮಾ, ಕೂಡಿದ್ದನ್ನ ಹರೀಬ್ಯಾಡ.”

ಮುಂದೆ ಕಲೆಯ ಚರಿತ್ರೆಯನ್ನು ಓದುವಾಗ ಈ ಮಾತಿನ ಎರಡು ಮುಖಗಳೂ ಒಂದೇ ಪುಸ್ತಕದಲ್ಲಿ ನನಗೆ ಕಂಡವು. ಜಪಾನಿನ ಕ್ಯೋಟೋ ನಗರದ ನಿಶಿ ಹೊಂಗಾನ್‌ಜಿ ಎಂಬ ಬೌದ್ಧ ದೇವಾಲಯದಲ್ಲಿ ಮೂವತ್ತಾರು ಕವಿಗಳ ಕವಿತೆಗಳ ಹಸ್ತಪ್ರತಿಯೊಂದಿದೆ. ಅದು ಹನ್ನೆರಡನೆಯ ಶತಮಾನದ ಆರಂಭದ್ದು. ಅದನ್ನು ಸಿದ್ಧಪಡಿಸಿದವರು ಬಣ್ಣಬಣ್ಣದ ಕಾಗದಗಳನ್ನು ಕೈಯಿಂದ ಹರಿದು, ಹರಿದ ಅಂಚುಗಳು ಬೆಟ್ಟದ ಸಾಲಿನಂತೆ, ನದಿಯ ದಡದಂತೆ ಕಾಣುವ ಹಾಗೆ ಜೋಡಿಸಿದರು. ಅವುಗಳ ಮೇಲೆ ಬೆಳ್ಳಿ ಬಂಗಾರದ ರೇಕಿನ ಚೂರುಗಳನ್ನು ಉದುರಿಸಿ, ಕುಂಚದಿಂದ ಕವಿತೆಗಳನ್ನು ಬರೆದರು. ಕುಂಚದ ಬರಹವೂ ಅಂಟುಚಿತ್ರವೂ ಕೂಡಿರುವ ಇಂತಹ ಕೃತಿಯನ್ನು, ಯೂರೋಪಿನಲ್ಲಿ ಕೊಲಾಜ್ ಎಂಬ ಹೆಸರು ಹುಟ್ಟುವುದಕ್ಕೆ ಎಂಟುನೂರು ವರ್ಷಗಳ ಮೊದಲೇ ಜಪಾನಿನವರು ರಚಿಸಿದ್ದರು. ಆದರೆ 1929ರಲ್ಲಿ ಹಣದ ಅಗತ್ಯ ಬಿದ್ದು ಅದರ ಎರಡು ಸಂಪುಟಗಳನ್ನು ಬಿಡಿಸಿ ಹಾಳೆ ಹಾಳೆಯಾಗಿ ಮಾರಿದರು. ಆ ಹಾಳೆಗಳು ಇಂದು ಬೇರೆ ಬೇರೆ ಸಂಗ್ರಹಗಳಲ್ಲಿ ಚದುರಿಹೋಗಿವೆ. ಹರಿದ ಕಾಗದದಿಂದ ಪುಸ್ತಕವಾದುದು ಮತ್ತೆ ಹರಿದ ಹಾಳೆಗಳಾಯಿತು. ಮೊದಲನೆಯ ಹರಿತದಿಂದ ಒಂದು ಕೃತಿ ಹುಟ್ಟಿತು. ಎರಡನೆಯದರಿಂದ ಅದೇ ಕೃತಿ ಭಂಗವಾಯಿತು.

ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತೀಸನ ಪ್ರಸಂಗ ಬೇರೆ ಬಗೆಯದು. 1941ರಲ್ಲಿ ನಡೆದ ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಅವನಿಗೆ ಮೊದಲಿನಂತೆ ನಿಂತು ಚಿತ್ರ ಬರೆಯುವುದು ಕಷ್ಟವಾಯಿತು. ಆಗ ಅವನು ಕತ್ತರಿಯನ್ನು ಕೈಗೆತ್ತಿಕೊಂಡನು. ಬಣ್ಣ ಬಳಿದ ಕಾಗದಗಳನ್ನು ಕತ್ತರಿಸಿ ಜೋಡಿಸಿದ 20 ಚಿತ್ರಗಳು 1947ರಲ್ಲಿ ‘ಜಾಝ್’ ಎಂಬ ಪುಸ್ತಕವಾಗಿ ಪ್ರಕಟವಾದವು. ಉಜ್ಜ್ವಲವಾದ ಆ ಚಿತ್ರಗಳ ನಡುವೆ ಕಣ್ಣಿಗೆ ಬಿಡುವು ಬೇಕೆಂದು ಮಾತೀಸನು ತನ್ನ ಕೈಯಿಂದಲೇ ಕುಂಚದಲ್ಲಿ ದೊಡ್ಡ ದೊಡ್ಡ ಅಕ್ಷರಗಳ ಪುಟಗಳನ್ನು ಬರೆದು ಸೇರಿಸಿದನು. ಬಣ್ಣದ ಎದುರಿಗೆ ಬಿಳಿಯ ಹಾಳೆ, ಕತ್ತರಿಯ ಗಟ್ಟಿ ಅಂಚಿನ ಎದುರಿಗೆ ಕುಂಚದ ಮೆದುವಾದ ಗೆರೆ. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಅಜ್ಜ ಹೇಳುತ್ತಿದ್ದ ‘ಬಯಲು ಬಿಡುವ’ ಮಾತು ಇದೇ ಅಲ್ಲವೇ?

ಈ ಕಲೆಯನ್ನು ಅಭ್ಯಾಸ ಮಾಡುವವರು ಕೆಲವು ಸಂಗತಿಗಳನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಕಾಗದ ಅಂಟಿನ ತೇವಕ್ಕೆ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ. ಆದ್ದರಿಂದ ಅಂಟನ್ನು ತೆಳುವಾಗಿ, ಸಮನಾಗಿ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಗಾಳಿಯನ್ನು ಹೊರಡಿಸಿ, ಭಾರದ ಕೆಳಗೆ ಒಣಗಿಸಬೇಕು. ರಟ್ಟಿನ ಹಿಂಬದಿಗೂ ಒಂದು ಕಾಗದವನ್ನು ಅಂಟಿಸಿದರೆ ಅದು ಬಾಗುವುದಿಲ್ಲ. ವೃತ್ತಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಅದು ಬೆಳಕಿಗೆ ಬೇಗನೆ ಹಳದಿಯಾಗುತ್ತದೆ; ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಬಹುಕಾಲ ಬಾಳುತ್ತದೆ. ಅಂಟು ಪೂರ್ತಿ ಆರುವ ಮೊದಲು ಬರೆದರೆ ಶಾಯಿ ಹರಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರವು ಕಾಗದದ ಮೇಲಿನ ಅಲಂಕಾರವಾಗಬಾರದು, ಕಾಗದವು ಅಕ್ಷರದ ಹಿಂದಿನ ಬರಿಯ ನೆಲವಾಗಬಾರದು. ‘ಮಳೆ’ ಎಂದು ಬರೆಯುವವನು ಅಂಟಿಸಿದ ಕಾಗದದ ಹರಿದ ಅಂಚು ಎತ್ತ ಇಳಿಯುತ್ತಿದೆ ಎಂದು ನೋಡಿ, ಅದೇ ಇಳಿಜಾರಿನಲ್ಲಿ ‘ಳೆ’ಯ ಸುತ್ತನ್ನು ಎಳೆದರೆ ಎರಡೂ ಸೇರಿ ಒಂದೇ ಮಾತನ್ನು ಹೇಳುತ್ತವೆ. ಹಳೆಯ ಪತ್ರವೋ ಪುಸ್ತಕವೋ ಬೇಕೆನಿಸಿದರೆ ಅದರ ನೆರಳಚ್ಚು ಪ್ರತಿಯನ್ನು ತೆಗೆದು ಕತ್ತರಿಸಬಹುದು. ಮೂಲಕ್ಕೆ ಕತ್ತರಿ ಹಾಕುವ ಮೊದಲು ಅದನ್ನು ಗುರುತಿಸುವವರು ಯಾರಿದ್ದಾರೆಂದು ಮನೆಯಲ್ಲಿ ಒಮ್ಮೆ ಕೇಳಬೇಕು.

ಬೋರ್ಡಿನ ಅಜ್ಜ ಈಗಿಲ್ಲ. ಯಂತ್ರದಲ್ಲಿ ಮುದ್ರಿಸುವ ಫ್ಲೆಕ್ಸ್ ಫಲಕಗಳು ಬಂದ ಮೇಲೆ ಊರೂರುಗಳಲ್ಲಿ ಅವನಂತಹ ಅನೇಕರು ಕುಂಚವನ್ನು ಕೆಳಗಿಟ್ಟರು. ಗಣಕಯಂತ್ರದ ಅಕ್ಷರಗಳು ಸ್ಫುಟವಾಗಿವೆ, ವೇಗವಾಗಿವೆ. ಅವುಗಳನ್ನು ಹಳಿಯುವುದು ನ್ಯಾಯವಲ್ಲ. ಆದರೆ ಅಲ್ಲಿನ ನೂರು ‘ಶ್ರೀ’ಕಾರಗಳೂ ಒಂದೇ ‘ಶ್ರೀ’ಕಾರ. ಇದು ಇಂತಹವರ ಕೈ ಎಂದು ಗುರುತಿಸುವ ಅಜ್ಜಿಗೆ ಅಲ್ಲಿ ಕೆಲಸವಿಲ್ಲ. 1964ರಲ್ಲಿ ದಾವಣಗೆರೆಯಲ್ಲಿ ಆರಂಭವಾದ ಚಿತ್ರಕಲಾ ಶಾಲೆ ಇಂದು ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿ ಬೆಳೆದಿದೆ. ಕುಂಚವನ್ನು ಹಿಡಿಯಬಯಸುವ ಎಳೆಯರಿಗೆ ಊರಿನಲ್ಲಿ ಇಂದಿಗೂ ಬಾಗಿಲು ತೆರೆದೇ ಇದೆ.

ಆ ಬಹುಮಾನದ ಚಿತ್ರ ಇನ್ನೂ ನನ್ನ ಬಳಿ ಇದೆ. ಕದಡಿದ ಶಾಯಿಯ ನಡುವೆ ಅರ್ಧ ‘ಶ್ರೀ’ಕಾರ ಮಾತ್ರ ಸ್ಪಷ್ಟವಾಗಿ ಉಳಿದಿದೆ. ಉಳಿದ ಅರ್ಧವನ್ನು ಬರೆದು ಪೂರ್ತಿ ಮಾಡಬೇಕೆಂದು ಎಷ್ಟೋ ಸಲ ಕುಂಚವನ್ನು ಎತ್ತಿದ್ದೇನೆ. ಅದು ತಾತನ ಕೈಯಲ್ಲವೆಂದು ಮತ್ತೆ ಕೆಳಗಿಟ್ಟಿದ್ದೇನೆ. ಹರಿಹರಕ್ಕೆ ಹೋದಾಗಲೆಲ್ಲ ನದಿಯ ಮೆಟ್ಟಿಲ ಮೇಲೆ ಕುಳಿತು ಇದನ್ನು ನೆನೆಯುತ್ತೇನೆ. ತುಂಗೆ ಮತ್ತು ಭದ್ರೆ ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಒಂದೇ ನೀರಾಗಿ ಬರುತ್ತವೆ. ಆದರೂ ಹೆಸರಿನಲ್ಲಿ ಇಬ್ಬರೂ ಉಳಿದಿದ್ದಾರೆ.

ಪದಗಳ ಅರ್ಥ

ರೂವಾರಿ – ಶಿಲ್ಪಿ, ಕಲ್ಲಿನಲ್ಲಿ ಕೆತ್ತುವವನು
ಕಿರ್ದಿ – ದಿನದಿನದ ಜಮಾಖರ್ಚು ಬರೆಯುವ ಪುಸ್ತಕ
ಗುಮಾಸ್ತ – ಲೆಕ್ಕ ಬರೆಯುವ ನೌಕರ
ಟಾಕು – ಶಾಯಿಯಲ್ಲಿ ಅದ್ದಿ ಬರೆಯುವ ಲೇಖನಿಯ ಲೋಹದ ಮೊನೆ
ರೇಕು – ತೆಳುವಾದ ಲೋಹದ ಹಾಳೆ
ಭಂಗ – ಮುರಿಯುವಿಕೆ, ಹಾನಿ
ಭಿತ್ತಿಪತ್ರ – ಗೋಡೆಗೆ ಅಂಟಿಸುವ ಪ್ರಕಟಣೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹರಿಹರೇಶ್ವರ ದೇವಾಲಯವನ್ನು ಯಾರು, ಯಾವಾಗ ಕಟ್ಟಿಸಿದರು?
2. ಕಡತವನ್ನು ಹೇಗೆ ಸಿದ್ಧಪಡಿಸುತ್ತಿದ್ದರು?
3. ವೃತ್ತಪತ್ರಿಕೆಯ ಕಾಗದ ಬೇಗನೆ ಹಳದಿಯಾಗಲು ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಓದು ಬಾರದ ಅಜ್ಜಿ ಆ ಪುಟವನ್ನು ಹೇಗೆ ಗುರುತಿಸಿದಳು? ಇದರಿಂದ ಅಕ್ಷರದ ಬಗ್ಗೆ ಏನು ತಿಳಿಯುತ್ತದೆ?
2. ಜಪಾನಿನ ಹಸ್ತಪ್ರತಿಯಲ್ಲಿ ಅಜ್ಜನ ಮಾತಿನ ಎರಡು ಮುಖಗಳೂ ಕಾಣುತ್ತವೆ ಎಂದು ಲೇಖಕರು ಹೇಳಲು ಕಾರಣವೇನು?

ಇ) ಸಂದರ್ಭ ಸಹಿತ ವಿವರಿಸಿರಿ.
1. “ಅಕ್ಷರ ಬರೆಯೋದು ಅಂದ್ರೆ ಬಣ್ಣ ಹಚ್ಚೋದಲ್ಲ, ಬಯಲು ಬಿಡೋದು.”
2. “ಹರಿದದ್ದನ್ನ ಕೂಡ್ಸು ತಮ್ಮಾ, ಕೂಡಿದ್ದನ್ನ ಹರೀಬ್ಯಾಡ.”

ಈ) ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ದೇವಾಲಯ, ಊರೂರು, ಪುಟವನ್ನು, ಮಳೆಗಾಲ.
2. ವಿಗ್ರಹಿಸಿ ಸಮಾಸವನ್ನು ತಿಳಿಸಿರಿ: ಹೆಬ್ಬೆರಳು, ಹರಿಹರ, ಶಿಲಾಶಾಸನ.

ಉ) ಚಟುವಟಿಕೆ
ನಿಮ್ಮ ಮನೆಯ ಹಿರಿಯರ ಕೈಬರಹವನ್ನು ಅವರ ಒಪ್ಪಿಗೆ ಪಡೆದು ನೋಡಿರಿ. ಅದರಲ್ಲಿನ ಒಂದು ಅಕ್ಷರವನ್ನು ಬೇರೆ ಹಾಳೆಯ ಮೇಲೆ ಕುಂಚದಿಂದ ಬರೆದು, ಬೇಡವಾದ ಕಾಗದ, ಬಟ್ಟೆಗಳ ಚೂರುಗಳೊಡನೆ ಒಂದು ಅಂಟುಚಿತ್ರವನ್ನು ರಚಿಸಿರಿ.